2015ರ ಐ5 ಲ್ಯಾಪ್‌ಟಾಪ್: ವಿಂಡೋಸ್ 10ರಲ್ಲೇ ಇರಬೇಕೋ, 11 ಹಾಕಿಸಬೇಕೋ, ಲಿನಕ್ಸ್‌ಗೆ ಹೋಗಬೇಕೋ?

ಅಂಗಡಿಲೆಕ್ಕ

ಎಲ್ಲರಿಗೂ ನಮಸ್ಕಾರ. ಯಂತ್ರದ ವಿವರ ಹೀಗಿದೆ: ಇಂಟೆಲ್ ಕೋರ್ ಐ5-5200ಯು, 4 ಜಿಬಿ ರ‍್ಯಾಮ್ (ಒಂದೇ ಕಡ್ಡಿ, ಇನ್ನೊಂದು ಸ್ಲಾಟ್ ಖಾಲಿ), 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10 ಹೋಮ್ 22ಎಚ್2. ಆನ್ ಮಾಡಿದ ಮೇಲೆ ಬಹಳ ಹೊತ್ತು ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ತೋರಿಸುತ್ತಲೇ ಇರುತ್ತದೆ.

ಕೆಲಸ: ಟ್ಯಾಲಿ ಪ್ರೈಮ್, ಬ್ರೌಸರ್‌ನಲ್ಲಿ ಜಿಎಸ್‌ಟಿ ಮತ್ತು ಬ್ಯಾಂಕ್, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ನುಡಿ 4.0ದಲ್ಲಿ ಬೆರಳಚ್ಚು ಮಾಡಿದ ಹಳೇ ವರ್ಡ್ ಕಡತಗಳು, ಕ್ಯಾನನ್ ಎಲ್‌ಬಿಪಿ2900 ಪ್ರಿಂಟರ್. "ವಿಂಡೋಸ್ 10 ಮುಗೀತು, 11 ಹಾಕಿಕೊಡ್ತೀವಿ" ಎಂದು ರಿಪೇರಿ ಅಂಗಡಿಯಲ್ಲಿ ಹೇಳುತ್ತಿದ್ದಾರೆ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಮಾತ್ರ ಈ ಯಂತ್ರಕ್ಕೆ 11 ಆಗುವುದಿಲ್ಲ ಎನ್ನುತ್ತಿದೆ. ಯಾವುದನ್ನು ನಂಬಬೇಕು?

ಬೂಟ್‌ಕ್ರಮ

ಎರಡೂ ನಿಜ. ಆದರೆ ಓಎಸ್ (ಯಂತ್ರ ನಡೆಸುವ ಮೂಲ ತಂತ್ರಾಂಶ) ಪ್ರಶ್ನೆಗೆ ಕೈ ಹಾಕುವ ಮುಂಚೆ ಡಿಸ್ಕ್ ನೋಡಿ. 5400 ಆರ್‌ಪಿಎಂ ತಟ್ಟೆ ತಿರುಗುವ ಡಿಸ್ಕಿನ ಮೇಲೆ ವಿಂಡೋಸ್ 10 ಇದ್ದರೂ ಅಷ್ಟೇ, 11 ಇದ್ದರೂ ಅಷ್ಟೇ, 100% ತೋರಿಸುವುದು ತಪ್ಪುವುದಿಲ್ಲ. ಅಪ್‌ಡೇಟ್, ಡಿಫೆಂಡರ್, ಸರ್ಚ್ ಇಂಡೆಕ್ಸಿಂಗ್ ಮೂರೂ ಒಟ್ಟಿಗೆ ಸಣ್ಣ ಸಣ್ಣ ಕಡತಗಳನ್ನು ಓದುತ್ತವೆ. ಹಾರ್ಡ್ ಡಿಸ್ಕಿನ ಸೂಜಿ ಪ್ರತಿ ಸಲ ಜಾಗ ಬದಲಿಸಬೇಕು. 4 ಜಿಬಿ ರ‍್ಯಾಮ್ ಸಾಲದೆ ಉಳಿದದ್ದನ್ನು ವಿಂಡೋಸ್ ಪೇಜ್ ಫೈಲ್ ಎಂಬ ಕಡತವಾಗಿ ಅದೇ ಡಿಸ್ಕಿಗೆ ಬರೆಯುತ್ತಿರುತ್ತದೆ. ಹಾಗಾಗಿ ಹೊಸ ಓಎಸ್ ಹಾಕಿಸಿದ ಮೊದಲ ವಾರ ಹಗುರ ಅನ್ನಿಸಿ, ಆಮೇಲೆ ಮತ್ತೆ ಅಲ್ಲಿಗೇ ಬರುತ್ತದೆ.

ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ತಂತ್ರಾಂಶ ಹಾಕಿ, ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್ ಪಟ್ಟಿಯಲ್ಲಿ 05 (ರೀಅಲೊಕೇಟೆಡ್ ಸೆಕ್ಟರ್) ಮತ್ತು ಸಿ5 (ಪೆಂಡಿಂಗ್ ಸೆಕ್ಟರ್) ಸಾಲುಗಳ ಕೊನೆಯ ಅಂಕಣ ನೋಡಿ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನಿದ್ದರೂ ಇವತ್ತೇ ಬ್ಯಾಕಪ್ ತೆಗೆಯಿರಿ. ಸಿ5 ಏರುತ್ತಿರುವ ಡಿಸ್ಕಿನ ಮೇಲೆ ಅಪ್‌ಗ್ರೇಡ್ ನಡೆಸಿದರೆ ಗಂಟೆಗಟ್ಟಲೆ ಓದು-ಬರಹದ ಒತ್ತಡದಲ್ಲೇ ಡಿಸ್ಕ್ ಕೈಕೊಡಬಹುದು, ಅದೂ ಅರ್ಧ ಓಎಸ್ ಬದಲಾದ ಸ್ಥಿತಿಯಲ್ಲಿ.

ಬೇಕಾದ ಬಿಡಿಭಾಗ ಎರಡೇ. ಒಂದು, 2.5 ಇಂಚಿನ, 7 ಮಿಮೀ ದಪ್ಪದ, ತಿರುಗುವ ತಟ್ಟೆಯಿಲ್ಲದ ಸಾಟಾ ಎಸ್‌ಎಸ್‌ಡಿ, 480 ಅಥವಾ 500 ಜಿಬಿ. ಈ ಪೀಳಿಗೆಯ ಹೆಚ್ಚಿನ ಯಂತ್ರಗಳಲ್ಲಿ ಎನ್‌ವಿಎಂಇ ಎಂಬ ಹೊಸ ಬಗೆಯ ಎಸ್‌ಎಸ್‌ಡಿಗೆ ಜಾಗವೇ ಇರುವುದಿಲ್ಲ. ಎಂ.2 ಸ್ಲಾಟ್ ಕಂಡರೂ ಅದು ಸಾಟಾ ಮಾತ್ರ ಇರಬಹುದು, ಇಲ್ಲವೇ ವೈಫೈ ಕಾರ್ಡಿನದ್ದಿರಬಹುದು. ಅಗ್ಗದ್ದು ಅಂತ ಎನ್‌ವಿಎಂಇ ತಂದು ಕೈಸುಟ್ಟುಕೊಳ್ಳಬೇಡಿ. ಎರಡು, 4 ಅಥವಾ 8 ಜಿಬಿಯ ಡಿಡಿಆರ್3ಎಲ್ 1600 ಸೋಡಿಮ್ (ಲ್ಯಾಪ್‌ಟಾಪ್ ರ‍್ಯಾಮ್ ಕಡ್ಡಿ). ಆ 'ಎಲ್' ಮುಖ್ಯ. ಐದನೇ ಪೀಳಿಗೆಯ ಯು ಪ್ರೊಸೆಸರ್‌ಗೆ 1.35 ವೋಲ್ಟ್ ಕಡ್ಡಿ ಬೇಕು. 1.5 ವೋಲ್ಟಿನ ಹಳೇ ಡಿಡಿಆರ್3 ಸ್ಲಾಟ್‌ನಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ಪರದೆ ಕಪ್ಪಗೇ ಇರುತ್ತದೆ, ಇಲ್ಲವೇ ಬೀಪ್ ಶಬ್ದ ಬರುತ್ತದೆ.

ಹುಬ್ಬಳ್ಳಿ_ಸರ್ವಿಸ್

ಬೂಟ್‌ಕ್ರಮ ಹೇಳಿದ್ದು ಖರೇ ಐತಿ. ಒಂದು ಮಾತು ಸೇರಸ್ತೀನಿ. ಹಿಂದಿನ ಮುಚ್ಚಳ ಬಿಚ್ಚಿದ ಕೂಡಲೇ ಡಿಸ್ಕಿಗೆ ಕೈ ಹಚ್ಚಬ್ಯಾಡ್ರಿ. ಮೊದಲ ಬ್ಯಾಟರಿ ಕನೆಕ್ಟರ್ ತಗೀರಿ, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡೀರಿ, ಆಮ್ಯಾಲೆ ಬಾಕಿ ಕೆಲಸ. ಹಂಗ ಟಚ್‌ಪ್ಯಾಡ್ ನೋಡ್ರಿ. ಒಂದು ಬದಿ ಎದ್ದಿದ್ರ, ಇಲ್ಲಾ ಕ್ಲಿಕ್ ಗಟ್ಟಿ ಆಗಿದ್ರ ಕೆಳಗಿನ ಬ್ಯಾಟರಿ ಉಬ್ಬೇತಿ ಅಂತ ತಿಳ್ಕೋರಿ. ಅಂಥ ಬ್ಯಾಟರಿ ಇಟ್ಟುಕೊಂಡು ಎಸ್‌ಎಸ್‌ಡಿ, ರ‍್ಯಾಮ್ ಅಂತ ರೊಕ್ಕ ಹಾಕೂದು ಸರಿ ಅಲ್ಲ. ಅದನ್ನ ಮೊದಲ ಬದಲಿಸ್ರಿ, ಚುಚ್ಚಬ್ಯಾಡ್ರಿ, ಒತ್ತಬ್ಯಾಡ್ರಿ.

ಇನ್ನ 11ರ ವಿಷಯ. ಅಂಗಡಿಯವರು ಹಾಕ್ತೀವಿ ಅಂದ್ರ ತಪಾಸಣೆ ದಾಟಿಸಿ ಹಾಕ್ತಾರ ಅಂತ ಅರ್ಥ. ಮೈಕ್ರೋಸಾಫ್ಟ್ ಪಟ್ಟಿಯೊಳಗ ಇಂಟೆಲ್ ಎಂಟನೇ ಪೀಳಿಗೆಯಿಂದ ಮ್ಯಾಲಿನವು, ಎಎಂಡಿಯಾಗ ಹೆಚ್ಚುಕಮ್ಮಿ ರೈಜನ್ 2000ರಿಂದ ಮ್ಯಾಲಿನವು ಅದಾವ. ಏಳನೇ ಪೀಳಿಗೆಯೊಳಗ ಬೆರಳೆಣಿಕೆಯಷ್ಟು ಮಾತ್ರ. ಜೊತಿಗೆ ಟಿಪಿಎಂ 2.0 (ಕೀಲಿ ಕಾಯೋ ಭದ್ರತಾ ಚಿಪ್), ಸೆಕ್ಯೂರ್ ಬೂಟ್ (ಸಹಿ ಇದ್ದ ಓಎಸ್ ಮಾತ್ರ ಏಳಾಕ ಬಿಡೋ ವ್ಯವಸ್ಥಾ), 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ನಿಮ್ಮದು ಪ್ರೊಸೆಸರ್ ಮ್ಯಾಲೇ ಬೀಳತೈತಿ. ಟಿಪಿಎಂ ಸರಿ ಮಾಡಿದ್ರೂ ಪಟ್ಟಿಯೊಳಗ ಬರೂದಿಲ್ಲ.

ನನ್ನ ಸಲಹೆ: ಹಣಕಾಸಿನ ಕೆಲಸ ಮಾಡೋ ಯಂತ್ರಕ್ಕ 11 ಬ್ಯಾಡ್ರಿ.

ಹನ್ನೊಂದರ_ಕಿಟಕಿ

ಇಲ್ಲಿ ನನ್ನದು ಭಿನ್ನಾಭಿಪ್ರಾಯ. "ಪಟ್ಟಿಯಲ್ಲಿಲ್ಲ" ಎನ್ನುವುದೇ ಒಂದು, "ಓಡುವುದಿಲ್ಲ" ಎನ್ನುವುದೇ ಬೇರೆ. ನಿಜಕ್ಕೂ ಬೂಟ್ ಆಗದಂಥವು 24ಎಚ್2 ಆವೃತ್ತಿಯಿಂದೀಚೆಗೆ ಎಸ್‌ಎಸ್‌ಇ4.2 ಮತ್ತು ಪಾಪ್‌ಕೌಂಟ್ ಸೂಚನೆಗಳಿಲ್ಲದ ಪ್ರೊಸೆಸರ್‌ಗಳು. ಅಂದರೆ ಕೋರ್ 2 ಡ್ಯೂಯೋ ಕಾಲದವು. ಐ5-5200ಯುನಲ್ಲಿ ಎರಡೂ ಇವೆ.

ಹಾಕುವ ವಿಧಾನದಲ್ಲಿ ಗುಟ್ಟೇನಿಲ್ಲ. ಮೈಕ್ರೋಸಾಫ್ಟ್ ತಾಣದಿಂದಲೇ ಐಎಸ್‌ಒ (ಓಎಸ್ ಹಾಕುವ ಕಡತ) ಇಳಿಸಿಕೊಂಡು, ರೂಫಸ್ ಎಂಬ ತಂತ್ರಾಂಶದಲ್ಲಿ 8 ಜಿಬಿಗಿಂತ ದೊಡ್ಡ ಪೆನ್‌ಡ್ರೈವ್‌ಗೆ ಬರೆಯುವಾಗ "4 ಜಿಬಿ ರ‍್ಯಾಮ್, ಸೆಕ್ಯೂರ್ ಬೂಟ್, ಟಿಪಿಎಂ 2.0 ಷರತ್ತು ತೆಗೆದುಹಾಕು" ಎಂಬ ಚೌಕಕ್ಕೆ ಗುರುತು ಹಾಕಬೇಕು. ಹೊಸದಾಗಿ ಹಾಕುವುದಾದರೆ ಆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಇರುವುದರ ಮೇಲೆ ಏರಿಸುವುದಾದರೆ ವಿಂಡೋಸ್ 10ರ ಒಳಗಿನಿಂದ ಅದರ ಸೆಟಪ್ ಓಡಿಸಿ. ರೂಫಸ್ 4.6ರ ನಂತರದ್ದೇ ಬಳಸಿ, ಹಳೆಯದರಲ್ಲಿ 24ಎಚ್2 ಒಳಗಿನಿಂದ ಏರಿಸಲು ಹೋದರೆ ತಪಾಸಣೆ ಮತ್ತೆ ಅಡ್ಡ ಬರುತ್ತದೆ. ಹಿಡಿಸದಿದ್ದರೆ 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ "ಗೋ ಬ್ಯಾಕ್" ಒತ್ತಿ 10ಕ್ಕೆ ಮರಳಬಹುದು. ಡಿಸ್ಕ್ ಕ್ಲೀನಪ್‌ನಲ್ಲಿ ಹಳೇ ವಿಂಡೋಸ್ ಇರುವ ವಿಂಡೋಸ್.ಓಲ್ಡ್ ಫೋಲ್ಡರ್ ಅಳಿಸಿದರೆ ಆ ದಾರಿ ಮುಚ್ಚಿತು.

ಭದ್ರತಾ ಪ್ಯಾಚ್‌ಗಳೇ ಇಲ್ಲದ 10ಕ್ಕಿಂತ, ತಿಂಗಳ ಪ್ಯಾಚ್ ಬರುತ್ತಿರುವ 11 ವಾಸಿ.

ಬೂಟ್‌ಕ್ರಮ

@ಹನ್ನೊಂದರ_ಕಿಟಕಿ, ವಿಧಾನ ಸರಿ. ಕೊನೆಯ ಸಾಲಿನಲ್ಲಿ ಮುಖ್ಯವಾದದ್ದೊಂದು ಬಿಟ್ಟುಹೋಗಿದೆ.

ತಿಂಗಳ ಪ್ಯಾಚ್ ಇಂಥ ಯಂತ್ರಗಳಿಗೂ ಬರುತ್ತಿದೆ, ಒಪ್ಪುತ್ತೇನೆ. ಆದರೆ ಅದು ಹಕ್ಕಲ್ಲ. ಅರ್ಹತೆ ಇಲ್ಲದ ಯಂತ್ರಕ್ಕೆ ಅಪ್‌ಡೇಟ್‌ನ ಖಾತರಿ ಇಲ್ಲ ಎಂದು ಮೈಕ್ರೋಸಾಫ್ಟ್ ಮೊದಲಿನಿಂದ ಬರೆದುಕೊಂಡಿದೆ. ಅದಕ್ಕಿಂತ ಮುಖ್ಯ, ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ವಿಂಡೋಸ್ ಅಪ್‌ಡೇಟ್ ಮೂಲಕ ಇವಕ್ಕೆ ಬರುವುದಿಲ್ಲ. ಹೋಮ್ ಮತ್ತು ಪ್ರೊ ಆವೃತ್ತಿಗಳ ಆಯುಸ್ಸು 24 ತಿಂಗಳು: 23ಎಚ್2 2025ರ ನವೆಂಬರ್ 11ಕ್ಕೆ ಮುಗಿಯಿತು, 24ಎಚ್2 2026ರ ಅಕ್ಟೋಬರ್ 13ಕ್ಕೆ ಮುಗಿಯುತ್ತದೆ. ಅಂದರೆ ಪ್ರತಿ ಸಲ ಹೊಸ ಐಎಸ್‌ಒ ಇಳಿಸಿ, ಮತ್ತೆ ತಪಾಸಣೆ ದಾಟಿಸಿ, ಕೈಯಾರೆ ಏರಿಸಬೇಕು. ಅಂಗಡಿಯಲ್ಲಿ ಹಾಕಿಸಿಕೊಂಡು ಮರೆತವರ ಯಂತ್ರ ಎರಡು ವರ್ಷದಲ್ಲಿ ಸದ್ದಿಲ್ಲದೆ ಪ್ಯಾಚ್ ಇಲ್ಲದ ಸ್ಥಿತಿಗೆ ಬಂದಿರುತ್ತದೆ, ಮಾಲೀಕರಿಗೆ ಗೊತ್ತೂ ಆಗುವುದಿಲ್ಲ.

ಎಂಟನೇ ಪೀಳಿಗೆ ಎಂಬ ಗೆರೆಯ ಹಿಂದೆ ತಾಂತ್ರಿಕ ಕಾರಣವೂ ಇದೆ. ಕರ್ನೆಲ್‌ಗೆ (ಓಎಸ್‌ನ ತಿರುಳಿಗೆ) ಕೆಟ್ಟ ಕೋಡ್ ನುಗ್ಗದಂತೆ ತಡೆಯುವ 11ರ 'ಮೆಮೊರಿ ಇಂಟೆಗ್ರಿಟಿ' ರಕ್ಷಣೆ ಪ್ರೊಸೆಸರ್‌ನಲ್ಲಿ ಎಂಬಿಇಸಿ ಎಂಬ ಸೌಲಭ್ಯ ಇದ್ದರೆ ಹಗುರವಾಗಿ ನಡೆಯುತ್ತದೆ. ಇಂಟೆಲ್‌ನಲ್ಲಿ ಅದು ಏಳನೇ ಪೀಳಿಗೆಯಿಂದ ಬಂತು. ಐದನೆಯದರಲ್ಲಿ ಅದೇ ಕೆಲಸವನ್ನು ತಂತ್ರಾಂಶವೇ ಅನುಕರಿಸಬೇಕು, ವೇಗ ಕುಸಿಯುತ್ತದೆ. ಹೇಗೂ 11 ಹಾಕುತ್ತೇನೆ ಎನ್ನುವವರು ವಿಂಡೋಸ್ ಸೆಕ್ಯುರಿಟಿಯ ಡಿವೈಸ್ ಸೆಕ್ಯುರಿಟಿಯಲ್ಲಿ ಕೋರ್ ಐಸೋಲೇಷನ್ ತೆರೆದು ಅದು ಆನ್ ಇದೆಯೇ ನೋಡಿ. ಆನ್ ಇದ್ದರೆ ನಿಧಾನ, ಆಫ್ ಮಾಡಿದರೆ 11ರ ಮುಖ್ಯ ಲಾಭಗಳಲ್ಲಿ ಒಂದು ಹೋಯಿತು.

ಇನ್ನೊಂದು ಎಚ್ಚರ: ಕೆಲವು ಕಡೆ 'ಲೈಟ್' ಎಂದು ಸವರಿದ ವಿಂಡೋಸ್ ಹಾಕಿಕೊಡುತ್ತಾರೆ. ಡಿಫೆಂಡರ್ ಮತ್ತು ಅಪ್‌ಡೇಟ್ ಸೇವೆ ಕಿತ್ತುಹಾಕಿದ್ದರಿಂದಲೇ ಅದು ಹಗುರ. ಐಎಸ್‌ಒ ಎಲ್ಲಿಂದ ಬಂತೆಂದು ಗೊತ್ತಿಲ್ಲದ ಓಎಸ್‌ನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಒತ್ತಬಾರದು.

ಅಂಗಡಿಲೆಕ್ಕ

ಹಾಗಾದರೆ 10ರಲ್ಲೇ ಇದ್ದರೆ? 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತಲ್ಲ. ದುಡ್ಡು ಕೊಟ್ಟರೆ ಇನ್ನೊಂದು ವರ್ಷ ಸಿಗುತ್ತದೆ ಎಂದು ಕೇಳಿದ್ದೇನೆ. ಅದು ಕಂಪನಿಗಳಿಗೆ ಮಾತ್ರವೇ?

ಪ್ಯಾಚ್_ಮಂಗಳವಾರ

ಮನೆಬಳಕೆಯವರಿಗೂ ಇದೆ ಸರ್. ಅದರ ಹೆಸರು ಇಎಸ್‌ಯು, ವಿಸ್ತರಿತ ಭದ್ರತಾ ಅಪ್‌ಡೇಟ್. ಗಡುವು 2026ರ ಅಕ್ಟೋಬರ್ 13. ನೋಂದಾಯಿಸಲು ಮೂರು ದಾರಿ: ಪಿಸಿಯ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಸಿಂಕ್ ಮಾಡಿದರೆ ಪುಕ್ಕಟೆ, ಇಲ್ಲವೇ 1000 ರಿವಾರ್ಡ್ಸ್ ಪಾಯಿಂಟ್, ಇಲ್ಲವೇ ಒಂದು ಸಲಕ್ಕೆ 30 ಡಾಲರ್ ಅಥವಾ ಅದಕ್ಕೆ ಸಮನಾದ ಸ್ಥಳೀಯ ಹಣ. ಒಂದು ಖಾತೆಯ ನೋಂದಣಿ 10 ಯಂತ್ರಗಳವರೆಗೆ ನಡೆಯುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಅಂಡ್ ಸೆಕ್ಯುರಿಟಿ, ಅದರೊಳಗೆ ವಿಂಡೋಸ್ ಅಪ್‌ಡೇಟ್. ಅಲ್ಲಿ "ಎನ್‌ರೋಲ್ ನೌ" ಕೊಂಡಿ ಕಾಣಬೇಕು. ಕಾಣದಿದ್ದರೆ ಮೂರು ಕಾರಣ ನೋಡಿ. ಆವೃತ್ತಿ 22ಎಚ್2 ಆಗಿರದಿರಬಹುದು. ಬಾಕಿ ಅಪ್‌ಡೇಟ್ ಇರಬಹುದು: ನೋಂದಣಿ ಕಿಟಕಿ ತೆರೆದ ಕೂಡಲೇ ಮುಚ್ಚಿಹೋಗುವ ದೋಷವನ್ನು 2025ರ ಆಗಸ್ಟ್‌ನ ಕೆಬಿ5063709 ಸರಿಪಡಿಸಿತು, ಹಾಗಾಗಿ ಅದು ಅಥವಾ ನಂತರದ್ದು ಇರಲೇಬೇಕು. ಮೂರನೆಯದು, ನೀವು ಬಳಸುತ್ತಿರುವ ಖಾತೆ ಅಡ್ಮಿನ್ ಆಗಿರದಿರಬಹುದು. ಲೋಕಲ್ ಖಾತೆಯಲ್ಲಿದ್ದರೆ ನೋಂದಣಿ ವೇಳೆ ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ, ದುಡ್ಡು ಕೊಡುವವರಿಗೂ ಇದು ತಪ್ಪಿದ್ದಲ್ಲ. ಪುಕ್ಕಟೆ ದಾರಿಯಲ್ಲಿ ಹೋಗುವವರು ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳ ಸಿಂಕ್ ಗುಂಡಿ ಆಫ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ಒನ್‌ಡ್ರೈವ್‌ನ 5 ಜಿಬಿ ಒಂದೇ ದಿನಕ್ಕೆ ತುಂಬಿ, "ಜಾಗ ಖರೀದಿಸಿ" ಎಂಬ ಸಂದೇಶ ಶುರುವಾಗುತ್ತದೆ.

ಡಿಫೆಂಡರ್‌ನ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೂ 10ಕ್ಕೆ ಬರುತ್ತದೆ. ಇದನ್ನೇ ಹಿಡಿದುಕೊಂಡು "ಆಂಟಿವೈರಸ್ ಇದೆಯಲ್ಲ, ಸಾಕು" ಎನ್ನುವವರಿದ್ದಾರೆ. ಸಾಲದು. ವೈರಸ್ ಪಟ್ಟಿ ಗೊತ್ತಿರುವ ಕಡತವನ್ನು ಹಿಡಿಯುತ್ತದೆ, ಕರ್ನೆಲ್‌ನಲ್ಲೋ ನೆಟ್‌ವರ್ಕ್ ಸೇವೆಯಲ್ಲೋ ಇರುವ ತೂತನ್ನು ಮುಚ್ಚುವುದಿಲ್ಲ.

ಸೆಕ್ಯೂರ್ ಬೂಟ್‌ನ 2011ರ ಪ್ರಮಾಣಪತ್ರಗಳ ಅವಧಿಯೂ 2026ರ ಜೂನ್‌ನಿಂದ ಮುಗಿಯತೊಡಗುತ್ತದೆ. ಹಾಗೆಂದು ಯಂತ್ರ ಬೂಟ್ ಆಗುವುದು ನಿಲ್ಲುವುದಿಲ್ಲ. ಬೂಟ್ ಹಂತದ ಹೊಸ ರಕ್ಷಣೆಗಳು ಬರುವುದು ನಿಲ್ಲುತ್ತದೆ. ಹೊಸ ಪ್ರಮಾಣಪತ್ರವೂ ತಿಂಗಳ ಅಪ್‌ಡೇಟ್ ಮೂಲಕವೇ ಬರಬೇಕಾದ್ದರಿಂದ ಇಎಸ್‌ಯು ನೋಂದಣಿಗೆ ಇದೂ ಒಂದು ಕಾರಣ.

ಅಕ್ಷರಜೋಡಣೆ

ನುಡಿ 4.0 ಅಂದಿರಿ, ಅದರ ಬಗ್ಗೆ ಯಾರೂ ಬರೆದಿಲ್ಲ. ಕನ್ನಡ ಡಿಟಿಪಿ ಮಾಡುವವರಿಗೆ ಓಎಸ್ ಬದಲಿಸುವಾಗ ಹೆಚ್ಚು ಪೆಟ್ಟು ಬೀಳುವುದು ಇಲ್ಲೇ.

ನಿಮ್ಮ ಹಳೇ ಕಡತಗಳು ಬಹುಶಃ ಆಸ್ಕಿ ಫಾಂಟಿನವು, 'ನುಡಿ 01 ಇ' ಥರದವು. ಅವುಗಳಲ್ಲಿ ಕಡತದೊಳಗೆ ಇರುವುದು ಕನ್ನಡವಲ್ಲ, ಲ್ಯಾಟಿನ್ ಸಂಕೇತಗಳು. ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತದೆ, ಅಷ್ಟೇ. ಫಾರ್ಮ್ಯಾಟ್ ಹೊಡೆಸಿದ ಮೇಲೆ ಫಾಂಟ್ ಇಲ್ಲದಿದ್ದರೆ ಇಡೀ ಕಡತ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳಾಗಿ ಕಾಣುತ್ತದೆ. ಕಡತ ಕೆಟ್ಟಿರುವುದಿಲ್ಲ, ಗಾಬರಿ ಬೇಡ. ಮೊದಲೇ ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ, ಬರಹ, ಶ್ರೀಲಿಪಿ ಏನೇನಿದೆಯೋ ಅವೆಲ್ಲವನ್ನೂ ಪೆನ್‌ಡ್ರೈವ್‌ಗೆ ನಕಲು ಮಾಡಿ. ನುಡಿಯ ಸೆಟಪ್ ಕಡತವನ್ನೂ ಜೊತೆಗೆ ಇಟ್ಟುಕೊಳ್ಳಿ.

ವಿಂಡೋಸ್ 10ರಲ್ಲೋ 11ರಲ್ಲೋ ಹೊಸದಾಗಿ ಹಾಕಿದ ಮೇಲೆ ನುಡಿ ಒಂದು ಕಿಟಕಿಯಲ್ಲಿ ಮಾತ್ರ ಕನ್ನಡ ಮೂಡಿಸದಿದ್ದರೆ, ವರ್ಡ್ ಅನ್ನು ಅಡ್ಮಿನ್ ಆಗಿ ತೆರೆದಿದ್ದೀರಾ ನೋಡಿ. ಅಡ್ಮಿನ್ ಕಿಟಕಿಗೆ ಹೋಗುವ ಕೀಲಿಗಳನ್ನು ಸಾಮಾನ್ಯ ಹಕ್ಕಿನ ತಂತ್ರಾಂಶ ಹಿಡಿಯಲಾರದು. ಎರಡೂ ಸಾಮಾನ್ಯವಾಗಿರಲಿ, ಇಲ್ಲವೇ ಎರಡೂ ಅಡ್ಮಿನ್ ಆಗಿರಲಿ.

ತುಂಗಾ ಫಾಂಟಿನಲ್ಲಿ ಮಾಡಿದ ಯೂನಿಕೋಡ್ (ಕನ್ನಡ ಅಕ್ಷರವನ್ನೇ ಉಳಿಸುವ ಸಂಕೇತ) ಕಡತಗಳಿದ್ದರೆ ಸಾಲುಗಳು ಹೊಯ್ದಾಡಿ ಪುಟ ಬದಲಾಗುತ್ತದೆ. ಯಾಕೆಂದರೆ ವಿಂಡೋಸ್ 10ರಿಂದ ತುಂಗಾ ತಾನಾಗಿ ಬರುವುದಿಲ್ಲ, ಅದರ ಜಾಗದಲ್ಲಿ ನಿರ್ಮಲಾ ಬರುತ್ತದೆ. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಸೇರಿಸಿದರೆ ತುಂಗಾ ಮರಳುತ್ತದೆ.

ಲಿನಕ್ಸ್‌ಗೆ ಹೋಗುವವರಿಗೆ: ಆಸ್ಕಿ ಫಾಂಟ್‌ಗಳನ್ನು ನಿಮ್ಮ ಹೋಮ್ ಫೋಲ್ಡರ್‌ನ ಫಾಂಟ್ಸ್ ಜಾಗಕ್ಕೆ ಹಾಕಿದರೆ ಲಿಬ್ರೆ ಆಫೀಸ್‌ನಲ್ಲಿ ಹಳೇ ಕಡತ ಓದಬಹುದು, ಮುದ್ರಿಸಬಹುದು. ಆದರೆ ನುಡಿ ತಂತ್ರಾಂಶದಲ್ಲಿ ಮಾಡುತ್ತಿದ್ದಂತೆ ಆಸ್ಕಿಯಲ್ಲಿ ಹೊಸದಾಗಿ ಬೆರಳಚ್ಚು ಮಾಡಲು ಆಗುವುದಿಲ್ಲ. ಯೂನಿಕೋಡ್‌ನಲ್ಲಿ ತೊಂದರೆ ಇಲ್ಲ: ಐಬಸ್-ಎಂ17ಎನ್ ಎಂಬ ಬೆರಳಚ್ಚು ತಂತ್ರಾಂಶ ಹಾಕಿಕೊಂಡು 'ಕೆಜಿಪಿ' ಕೀಲಿಮಣೆ ಆರಿಸಿ. ಕೆ.ಪಿ. ರಾವ್ ಅವರ ವಿನ್ಯಾಸದ ಜಾಡಿನಲ್ಲೇ ಇರುವುದರಿಂದ ನುಡಿಗೆ ಒಗ್ಗಿದ ಬೆರಳು ಹೊಸದೇನೂ ಕಲಿಯಬೇಕಿಲ್ಲ, ಒತ್ತಕ್ಷರಕ್ಕೆ ಎಫ್ ಕೀಲಿಯೇ.

ತುಮಕೂರು_ಟರ್ಮಿನಲ್

ಲಿನಕ್ಸ್ ಪಕ್ಷದಿಂದ ಒಂದಿಷ್ಟು. ಈ ಯಂತ್ರಕ್ಕೆ ಲಿನಕ್ಸ್‌ನ (ವಿಂಡೋಸ್ ಬದಲಿಗೆ ಹಾಕುವ ಪುಕ್ಕಟೆ ಓಎಸ್) ಒಂದು ಬಗೆಯಾದ ಮಿಂಟ್ 22ರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಚೆನ್ನಾಗಿ ಹೊಂದುತ್ತದೆ. ಬೆಂಬಲ 2029ರವರೆಗೆ. ಹಾಕಲು 20 ಜಿಬಿ ಸಾಕು ಎನ್ನುತ್ತಾರೆ, ಬಳಸಲು 100 ಜಿಬಿ ಬಿಟ್ಟರೆ ನೆಮ್ಮದಿ. ಇಂಟೆಲ್ ಎಚ್‌ಡಿ 5500 ಗ್ರಾಫಿಕ್ಸ್‌ನ ಡ್ರೈವರ್ ಕರ್ನೆಲ್‌ನಲ್ಲೇ ಇದೆ.

ಆದರೆ ನೀವು ಕೊಟ್ಟ ಪಟ್ಟಿ ಓದಿದರೆ ಪೂರ್ತಿ ಲಿನಕ್ಸ್‌ಗೆ ಹೋಗಿ ಎಂದು ನಾನು ಹೇಳುವುದಿಲ್ಲ. ಟ್ಯಾಲಿ ವಿಂಡೋಸ್‌ನದು. ಎಲ್‌ಬಿಪಿ2900 ಕ್ಯಾನನ್‌ನ ಕ್ಯಾಪ್ಟ್ ಎಂಬ ಸ್ವಂತ ಭಾಷೆಯಲ್ಲಿ ಮಾತಾಡುವ ಪ್ರಿಂಟರ್. ಪೋಸ್ಟ್‌ಸ್ಕ್ರಿಪ್ಟ್ ಆಗಲಿ ಪಿಸಿಎಲ್ ಆಗಲಿ ಅದಕ್ಕೆ ತಿಳಿಯದು. ಲಿನಕ್ಸ್‌ಗೆ ಕ್ಯಾನನ್ ಕೊಟ್ಟ ಡ್ರೈವರ್ ಹಳೆಯದು, 32 ಬಿಟ್ ಲೈಬ್ರರಿ ಬೇಡುತ್ತದೆ, ಯುಎಸ್‌ಬಿ ಕಿತ್ತು ಮತ್ತೆ ಚುಚ್ಚಿದರೆ ಅದರ ಹಿನ್ನೆಲೆ ಸೇವೆ ಮಲಗಿಬಿಡುತ್ತದೆ. ಸ್ವಯಂಸೇವಕರು ಬರೆದ 'ಕ್ಯಾಪ್ಟ್‌ಡ್ರೈವರ್' ಇದೆ, ಕಂಪೈಲ್ ಮಾಡಿಕೊಳ್ಳಬೇಕು. ದಿನವೂ ಬಿಲ್ ಹೊಡೆಯುವ ಜಾಗದಲ್ಲಿ ಇದನ್ನು ನೆಚ್ಚಿಕೊಳ್ಳಬಾರದು. ಇದೇ ಎಚ್‌ಪಿ 1020 ಆಗಿದ್ದರೆ ಎಚ್‌ಪಿಯ ಲಿನಕ್ಸ್ ಡ್ರೈವರ್ ಆದ ಎಚ್‌ಪ್ಲಿಪ್‌ನ ಪ್ಲಗಿನ್ ಹಾಕಿ ಮುಗಿಸಬಹುದಿತ್ತು.

ನನ್ನ ಸಲಹೆ ಎರಡೂ ಇಟ್ಟುಕೊಳ್ಳುವುದು. ಬ್ಯಾಂಕ್, ಮೇಲ್, ಹುಡುಕಾಟ ಎಲ್ಲ ಮಿಂಟ್‌ನಲ್ಲಿ. ಟ್ಯಾಲಿ, ಟೋಕನ್, ಪ್ರಿಂಟರ್ ವಿಂಡೋಸ್‌ನಲ್ಲಿ. ಮೊದಲು ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಹಾಕದೆಯೇ ನೋಡಿ: ವೈಫೈ, ಸದ್ದು, ಪರದೆಯ ಬೆಳಕಿನ ಕೀಲಿ, ಮುಚ್ಚಿ ತೆಗೆದಾಗ ಎಚ್ಚರವಾಗುತ್ತದೆಯೇ. ಬ್ರಾಡ್‌ಕಾಮ್ ವೈಫೈ ಆಗಿದ್ದರೆ ಫೋನನ್ನು ಯುಎಸ್‌ಬಿ ಟೆದರಿಂಗ್‌ನಲ್ಲಿ ಸಿಕ್ಕಿಸಿ ಡ್ರೈವರ್ ಮ್ಯಾನೇಜರ್‌ನಿಂದ ಡ್ರೈವರ್ ಇಳಿಸಿಕೊಳ್ಳಿ. ರಿಯಲ್‌ಟೆಕ್ 8723ಬಿಇ ಇದ್ದು, ರೂಟರ್ ಪಕ್ಕದಲ್ಲೇ ಸಿಗ್ನಲ್ ಒಂದು ಗೆರೆ ತೋರಿಸಿದರೆ ಡ್ರೈವರ್‌ನ ಆಂಟೆನಾ ಆಯ್ಕೆಯನ್ನು 1 ಅಥವಾ 2 ಮಾಡಿ ನೋಡಬೇಕು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಆಂಟೆನಾ ತಂತಿ ಇರುತ್ತದೆ, ಡ್ರೈವರ್ ಇನ್ನೊಂದನ್ನು ಹುಡುಕುತ್ತಿರುತ್ತದೆ.

ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಲೇಬೇಕು. ಅದು ಆನ್ ಇದ್ದರೆ ಶಟ್‌ಡೌನ್ ಅನ್ನುವುದು ಅರ್ಧ ನಿದ್ದೆ. ವಿಂಡೋಸ್ ಭಾಗವನ್ನು ಲಿನಕ್ಸ್ ಓದಲು ಮಾತ್ರ ತೆರೆಯುತ್ತದೆ, ಒತ್ತಾಯದಿಂದ ಬರೆದರೆ ಕಡತ ಕೆಡುತ್ತದೆ.

ಹುಬ್ಬಳ್ಳಿ_ಸರ್ವಿಸ್

ಎರಡು ಓಎಸ್ ಇಟ್ಟವರಿಗೆ ಗಡಿಯಾರದ ತಕರಾರು ಬರತೈತಿ ನೋಡ್ರಿ. ಲಿನಕ್ಸ್ ಒಳಗಿನ ಗಡಿಯಾರಕ್ಕ ಯುಟಿಸಿ (ಜಾಗತಿಕ ಸಮಯ) ಬರೀತೈತಿ, ವಿಂಡೋಸ್ ಅದನ್ನ ನಮ್ಮ ಸಮಯ ಅಂತ ಓದತೈತಿ. ಬರೋಬ್ಬರಿ ಐದೂವರಿ ತಾಸು ಹಿಂದ ಬೀಳತೈತಿ. ತಪ್ಪು ಸಮಯ ಇದ್ರ ಬ್ಯಾಂಕ್ ತಾಣ ಪ್ರಮಾಣಪತ್ರದ ದೋಷ ಅಂತೈತಿ, ಡಿಜಿಟಲ್ ಸಹಿಗೂ ತಪ್ಪು ಹೊತ್ತು ಬೀಳತೈತಿ. ಮಿಂಟ್‌ನ ಟರ್ಮಿನಲ್ ಒಳಗ 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಅಂತ ಒಮ್ಮೆ ಕೊಟ್ರ ಮುಗೀತು.

ಇನ್ನ ಟೋಕನ್. ಸಹಿಯ ಖಾಸಗಿ ಕೀಲಿ ಟೋಕನ್ ಒಳಗ ಇರತೈತಿ, ಲ್ಯಾಪ್‌ಟಾಪ್‌ನ್ಯಾಗ ಅಲ್ಲ. ಫಾರ್ಮ್ಯಾಟ್ ಹೊಡದ್ರ ಸಹಿ ಹೋಗೂದಿಲ್ಲ. ಹೊಸ ಓಎಸ್ ಒಳಗ ಟೋಕನ್ ಡ್ರೈವರ್, ಸಹಿ ಮಾಡೋ ತಂತ್ರಾಂಶ ಮತ್ತ ಹಾಕಿದ್ರ ಸಾಕು. ಆದ್ರ ಟೋಕನ್ ಟೂಲ್ ಒಳಗ 'ಇನಿಷಿಯಲೈಜ್' ಅಥವಾ 'ಫಾರ್ಮ್ಯಾಟ್ ಟೋಕನ್' ಅಂತ ಇರತೈತಿ, ಅದನ್ನ ಮುಟ್ಟಬ್ಯಾಡ್ರಿ. ಒತ್ತಿದ್ರ ಪ್ರಮಾಣಪತ್ರ ಅಳಿಸಿ ಹೋಗತೈತಿ, ಹೊಸದ ಕೊಳ್ಳೂದ ಒಂದ ದಾರಿ. ತಪ್ಪು ಪಿನ್ ಮತ್ತ ಮತ್ತ ಒತ್ತಿದ್ರೂ ಲಾಕ್ ಆಗತೈತಿ.

ಪ್ಯಾಚ್_ಮಂಗಳವಾರ

ಟ್ಯಾಲಿ ಪ್ರೈಮ್ ಲೈಸೆನ್ಸ್ ಯಂತ್ರಕ್ಕೆ ಅಂಟಿಕೊಂಡಿರುತ್ತದೆ. ಡಿಸ್ಕ್ ಬಿಚ್ಚುವ ಮುಂಚೆ ಟ್ಯಾಲಿಯೊಳಗಿನಿಂದ ಲೈಸೆನ್ಸ್ 'ಸರೆಂಡರ್' ಮಾಡಿ, ಹೊಸದರಲ್ಲಿ ಮತ್ತೆ ಸಕ್ರಿಯಗೊಳಿಸಿ. ಕಂಪನಿ ಡೇಟಾವನ್ನು ಟ್ಯಾಲಿಯ ಬ್ಯಾಕಪ್ ಮೆನುವಿನಿಂದ ಒಮ್ಮೆ, ಡೇಟಾ ಫೋಲ್ಡರ್ ಇಡಿಯಾಗಿ ಇನ್ನೊಮ್ಮೆ, ಹೀಗೆ ಎರಡು ಪ್ರತಿ ತೆಗೆಯಿರಿ. ಬ್ಯಾಕಪ್ ತೆಗೆದ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ನಾಲ್ಕು ಕಡತ ತೆರೆದು ನೋಡದೆ ಅದನ್ನು ಬ್ಯಾಕಪ್ ಎಂದು ಕರೆಯಬೇಡಿ.

ಡಿಸ್ಕಿನ ಡೇಟಾಗೆ ಬೀಗ ಹಾಕಿಡುವ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯೇ ಎಂದೂ ನೋಡಿ. ಇದ್ದರೆ ಬಯಾಸ್‌ಗೆ (ಆನ್ ಆದಾಗ ಮೊದಲು ಓಡುವ ಮದರ್‌ಬೋರ್ಡ್ ತಂತ್ರಾಂಶ) ಕೈ ಹಾಕುವ ಮುಂಚೆ ಅದನ್ನು ಆಫ್ ಮಾಡಿ, ಅಥವಾ 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದುಕೊಳ್ಳಿ. ಟಿಪಿಎಂ ಸೆಟ್ಟಿಂಗ್ ಬದಲಾದರೆ ಮುಂದಿನ ಬೂಟ್‌ನಲ್ಲಿ ಅದನ್ನೇ ಕೇಳುತ್ತದೆ, ಕೀ ಇಲ್ಲದಿದ್ದರೆ ಡೇಟಾ ಇಲ್ಲ.

ಕೋರ್2_ಪ್ರಶ್ನೆ

ನಡುವೆ ಬಂದದ್ದಕ್ಕೆ ಕ್ಷಮಿಸಿ. ಕೋರ್ 2 ಡ್ಯೂಯೋ, 2 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ಗೆ ಏನು ಮಾಡಬಹುದು? ಇನ್ನೊಂದು ಎಂಟನೇ ಪೀಳಿಗೆಯ ಐ3, ಅದಕ್ಕೂ 11 ಆಗಲ್ಲ ಅನ್ನುತ್ತಿದೆ.

ತುಮಕೂರು_ಟರ್ಮಿನಲ್

ಮೊದಲನೆಯದಕ್ಕೆ 11 ಯೋಚಿಸಬೇಡಿ, ಮೇಲೆ ಹೇಳಿದ ಎಸ್‌ಎಸ್‌ಇ4.2 ಕಾರಣ. ಕೋರ್ 2 ಡ್ಯೂಯೋ 64 ಬಿಟ್ ಆದ್ದರಿಂದ ಹಗುರವಾದ ಲಿನಕ್ಸ್ ಹಾಕಬಹುದು. 4 ಜಿಬಿ ಮಾಡಿದರೆ ಬರವಣಿಗೆ, ಪಿಡಿಎಫ್, ಒಂದೆರಡು ಬ್ರೌಸರ್ ಟ್ಯಾಬ್‌ಗೆ ಸಾಕು. ವೀಡಿಯೊ ತರಗತಿಗೆ ಸಾಲದು. ಪ್ರೊಸೆಸರ್ 32 ಬಿಟ್ ಮಾತ್ರ ಆಗಿದ್ದರೆ ಡೆಬಿಯನ್ 12 ಕೊನೆ, 2025ರಲ್ಲಿ ಬಂದ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ.

ಎರಡನೆಯದು ಬಹುತೇಕ ಸೆಟ್ಟಿಂಗ್ ವಿಷಯ. ಬಯಾಸ್‌ನಲ್ಲಿ ಟಿಪಿಎಂ ಕೆಲಸ ಮಾಡುವ ಇಂಟೆಲ್ ಪಿಟಿಟಿ ಆಫ್ ಇರುತ್ತದೆ, ಆನ್ ಮಾಡಿ. ಎಎಂಡಿ ಆದರೆ ಅದರ ಹೆಸರು ಎಫ್‌ಟಿಪಿಎಂ. ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ ಬಯಾಸ್ ಮೋಡ್ 'ಲೆಗಸಿ' ಎಂದಿದ್ದರೆ ಡಿಸ್ಕ್ ಎಂಬಿಆರ್ ಎಂಬ ಹಳೇ ವಿಂಗಡಣೆಯಲ್ಲಿದೆ ಎಂದರ್ಥ. ವಿಂಡೋಸ್‌ನಲ್ಲೇ ಇರುವ 'ಎಂಬಿಆರ್2ಜಿಪಿಟಿ' ಉಪಕರಣವನ್ನು ಮೊದಲು 'ವ್ಯಾಲಿಡೇಟ್' ಆಯ್ಕೆಯೊಂದಿಗೆ ಓಡಿಸಿ, ಸರಿ ಎಂದರೆ ಮಾತ್ರ 'ಕನ್ವರ್ಟ್'. ಪ್ರೈಮರಿ ಪಾರ್ಟಿಷನ್ ಮೂರಕ್ಕಿಂತ ಹೆಚ್ಚಿದ್ದರೆ ಅದು ನಿರಾಕರಿಸುತ್ತದೆ. ಆಮೇಲೆ ಬಯಾಸ್‌ನಲ್ಲಿ ಲೆಗಸಿಯಿಂದ ಹೊಸ ಬಗೆಯ ಯುಇಎಫ್‌ಐಗೆ ಬದಲಿಸಿ, ಸೆಕ್ಯೂರ್ ಬೂಟ್ ಆನ್ ಮಾಡಿ. ಈ ಕ್ರಮ ತಿರುವುಮುರುವಾದರೆ "ಬೂಟ್ ಡಿವೈಸ್ ಇಲ್ಲ" ಎಂದು ಬರುತ್ತದೆ. ಲೆಗಸಿಗೆ ಮರಳಿಸಿದರೆ ಮತ್ತೆ ಏಳುತ್ತದೆ.

ಹನ್ನೊಂದರ_ಕಿಟಕಿ

ಅಂಗಡಿಲೆಕ್ಕ ಅವರಿಗೆ: ಚರ್ಚೆ ಓದಿದ ಮೇಲೆ ನಿಮ್ಮ ಕೆಲಸಕ್ಕೆ ಈಗಲೇ 11 ಅಗತ್ಯವಿಲ್ಲ ಎಂದು ಒಪ್ಪುತ್ತೇನೆ, ಇಎಸ್‌ಯು ಇರುವಷ್ಟು ದಿನ. ಐಎಸ್‌ಒ ಹಾಕಿ ವರ್ಷಕ್ಕೊಮ್ಮೆ ಏರಿಸುವ ಶಿಸ್ತು ಇರುವವರಿಗೆ ನನ್ನ ಮಾತು ಈಗಲೂ ಅನ್ವಯಿಸುತ್ತದೆ.

ಬೂಟ್‌ಕ್ರಮ

ಎಸ್‌ಎಸ್‌ಡಿಗೆ ಹೋಗುವಾಗ ಕ್ಲೋನ್ (ಹಳೇ ಡಿಸ್ಕಿನ ಪೂರ್ತಿ ನಕಲು) ಬೇಡ, ಹೊಸದಾಗಿ ಹಾಕಿ. 1 ಟಿಬಿಯಿಂದ 480 ಜಿಬಿಗೆ ನಕಲು ತಂತ್ರಾಂಶ ಕ್ಲೋನ್‌ಜಿಲ್ಲಾ ನೇರವಾಗಿ ಒಪ್ಪುವುದಿಲ್ಲ, ಪಾರ್ಟಿಷನ್ ಕುಗ್ಗಿಸಬೇಕು, ಹಳೇ ಕಸವೂ ಜೊತೆಗೇ ಬರುತ್ತದೆ. ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ವಿಂಡೋಸ್ 10ರ ಪೆನ್‌ಡ್ರೈವ್ ಮಾಡಿಕೊಳ್ಳಿ. ಹಳೇ ಡಿಸ್ಕ್ ಪೂರ್ತಿ ಹೊರಗಿಟ್ಟು, ಎಸ್‌ಎಸ್‌ಡಿ ಒಂದನ್ನೇ ಹಾಕಿ, ಬಯಾಸ್ ಯುಇಎಫ್‌ಐನಲ್ಲಿಟ್ಟು ಹಾಕಿ. ಎರಡೂ ಡಿಸ್ಕ್ ಇದ್ದರೆ ಬೂಟ್ ಕಡತಗಳು ಹಳೆಯದರ ಮೇಲೆ ಹೋಗಿ ಕೂರಬಹುದು. ಆಮೇಲೆ ಅದನ್ನು ತೆಗೆದ ದಿನ ಯಂತ್ರ ಏಳುವುದಿಲ್ಲ.

ಕೀ ಕೇಳಿದರೆ "ನನ್ನ ಬಳಿ ಇಲ್ಲ" ಒತ್ತಿ, ಮೊದಲಿದ್ದ ಹೋಮ್ ಆವೃತ್ತಿಯನ್ನೇ ಆರಿಸಿ. ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡ್‌ಗೆ ಸೇರಿದ್ದು, ಡಿಸ್ಕಿಗಲ್ಲ. ನೆಟ್ ಬಂದ ಕೂಡಲೇ ತಾನೇ ಸಕ್ರಿಯವಾಗುತ್ತದೆ. ಪ್ರೊ ಆರಿಸಿದರೆ ಆಗುವುದಿಲ್ಲ. ವೈಫೈ ಡ್ರೈವರನ್ನು ಮೊದಲೇ ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ.

ಲಿನಕ್ಸ್‌ಗೂ ಜಾಗ ಬೇಕಾದರೆ ವಿಂಡೋಸ್‌ಗೆ 300 ಜಿಬಿ ಕೊಟ್ಟು ಉಳಿದದ್ದನ್ನು ಖಾಲಿ ಬಿಡಿ. ಹಳೇ ಡಿಸ್ಕನ್ನು ಮೂರು ತಿಂಗಳಾದರೂ ಫಾರ್ಮ್ಯಾಟ್ ಮಾಡದೆ ತೆಗೆದಿಡಿ. ಮುಂದೆ ಬೇಕಾದರೆ ಡಿವಿಡಿ ಡ್ರೈವ್ ಜಾಗದಲ್ಲಿ ಕ್ಯಾಡಿ (ಡಿಸ್ಕ್ ಕೂರಿಸುವ ಚೌಕಟ್ಟು) ಹಾಕಿ ಕೂರಿಸಬಹುದು, ಆದರೆ ಕ್ಯಾಡಿ 9.5 ಮಿಮೀನದೋ 12.7 ಮಿಮೀನದೋ ಅಳೆದು ಕೊಳ್ಳಿ.

ಅಂಗಡಿಲೆಕ್ಕ

ಎಲ್ಲರಿಗೂ ಧನ್ಯವಾದ. ಡಿಸ್ಕ್ ಇನ್ಫೋದಲ್ಲಿ ಸಿ5 ಸಾಲಿನಲ್ಲಿ 8 ತೋರಿಸುತ್ತಿದೆ, ಹಾಗಾಗಿ ಮೊದಲು ಬ್ಯಾಕಪ್. 480 ಜಿಬಿ ಎಸ್‌ಎಸ್‌ಡಿ, 4 ಜಿಬಿ ಡಿಡಿಆರ್3ಎಲ್, ಹೊಸದಾಗಿ ವಿಂಡೋಸ್ 10, ಇಎಸ್‌ಯು ನೋಂದಣಿ, ಪಕ್ಕದಲ್ಲಿ ಮಿಂಟ್. ಪ್ರಿಂಟರ್ ಡ್ರೈವರ್ ಹಾಕುವಾಗ ಗಮನಿಸಬೇಕಾದ್ದು ಏನಾದರೂ ಇದೆಯೇ? 2026ರ ಅಕ್ಟೋಬರ್ ಆದಮೇಲೆ ಏನು?

ಅಕ್ಷರಜೋಡಣೆ

ಎಲ್‌ಬಿಪಿ2900ಕ್ಕೆ 64 ಬಿಟ್ ಡ್ರೈವರ್ ಕ್ಯಾನನ್ ತಾಣದಿಂದ ಇಳಿಸಿಕೊಳ್ಳಿ. ಯುಎಸ್‌ಬಿ ತಂತಿ ಚುಚ್ಚಬೇಡಿ. ಸೆಟಪ್ ಓಡಿಸಿ, "ಪ್ರಿಂಟರ್ ಜೋಡಿಸಿ ಆನ್ ಮಾಡಿ" ಎಂದು ಅದೇ ಕೇಳಿದಾಗ ಚುಚ್ಚಿ. ಮೊದಲೇ ಚುಚ್ಚಿದರೆ ವಿಂಡೋಸ್ ತಾನಾಗಿ ಅರ್ಧಂಬರ್ಧ ಡ್ರೈವರ್ ಹಿಡಿಯುತ್ತದೆ, ಡಿವೈಸ್ ಮ್ಯಾನೇಜರ್‌ನಿಂದ ಅದನ್ನು ತೆಗೆದು ಮತ್ತೆ ಶುರುಮಾಡಬೇಕು. ಪ್ರತಿ ಸಲ ಒಂದೇ ಯುಎಸ್‌ಬಿ ಕಿಂಡಿಗೆ ಚುಚ್ಚಿ. ಕಿಂಡಿ ಬದಲಾದರೆ ಇನ್ನೊಂದು ಪ್ರಿಂಟರ್ ಎಂದು 'ಕಾಪಿ 1' ಸೇರಿಸಿಕೊಂಡು, ಬಿಲ್ಲುಗಳು ಹಳೇ ಹೆಸರಿನ ಸಾಲಿನಲ್ಲಿ ನಿಂತುಬಿಡುತ್ತವೆ.

ಬೂಟ್‌ಕ್ರಮ

2026ರ ಅಕ್ಟೋಬರ್ ಹೊತ್ತಿಗೆ ಮಿಂಟ್‌ನಲ್ಲಿ ನಿಮಗೆ ಕೈ ಕುದುರಿರುತ್ತದೆ. ನೆಟ್ ಕೆಲಸವೆಲ್ಲ ಅಲ್ಲಿಗೆ ಹೋಗಲಿ. ವಿಂಡೋಸ್ 10 ಟ್ಯಾಲಿಗೆ, ಪ್ರಿಂಟರಿಗೆ ಉಳಿಯಲಿ, ವೈಫೈ ಆಫ್ ಇಟ್ಟುಕೊಂಡು. ಟೋಕನ್ ಸಹಿ ಮತ್ತು ರಿಟರ್ನ್‌ಗೆ ನೆಟ್ ಬೇಕೇ ಬೇಕು, ಅದಕ್ಕೆ ಈ ಏರ್ಪಾಡು ಆಗುವುದಿಲ್ಲ. ಆ ಕೆಲಸಕ್ಕೆ ಎಂಟನೇ ಪೀಳಿಗೆಯ ಮೇಲಿನ ಯಂತ್ರವೊಂದನ್ನು ಅಷ್ಟರೊಳಗೆ ಹುಡುಕಿಟ್ಟುಕೊಳ್ಳಿ. ಬಳಸಿದ ಯಂತ್ರ ಕೊಳ್ಳುವುದಾದರೆ ಟಿಪಿಎಂ 2.0 ಇದೆಯೇ, ಬಯಾಸ್ ಪಾಸ್‌ವರ್ಡ್ ತೆಗೆದಿದ್ದಾರೆಯೇ ಎಂದು ಅಂಗಡಿಯಲ್ಲೇ ನೋಡಿ. ಈಗ ಕೊಳ್ಳುವ ಸಾಟಾ ಎಸ್‌ಎಸ್‌ಡಿಯನ್ನು 2.5 ಇಂಚಿನ ಜಾಗ ಇರುವ ಯಂತ್ರವಾದರೆ ಅದಕ್ಕೂ ಹಾಕಬಹುದು. ರ‍್ಯಾಮ್ ಮಾತ್ರ ಆಗುವುದಿಲ್ಲ, ಎಂಟನೆಯದರಲ್ಲಿ ಡಿಡಿಆರ್4. ಅದಕ್ಕೇ ಈ ಯಂತ್ರಕ್ಕೆ 8 ಜಿಬಿ ಕಡ್ಡಿಗಿಂತ 4 ಜಿಬಿಯದೇ ಸಾಕು.